ಎರಡೂ ಕಾಲು ನೆಲಕ್ಕೆ ತಾಗುವವರೆಗೆ

ಕಂಡಕ್ಟರಮ್ಮನ ದೃಷ್ಟಿ ಮೊದಲು ಬೀಳುವುದು ಎದುರಿನವರ ಪಾದದ ಮೇಲೆ. ಅಲ್ಲಿಂದ ಮೊಣಕಾಲಿಗೆ ಏರಿ, ಸೊಂಟದ ಬಳಿ ಒಂದು ಗಳಿಗೆ ತಂಗಿ, ಮುಖವನ್ನು ತಲುಪುವಷ್ಟರಲ್ಲಿ ಎದುರಿನವರು ತಮ್ಮ ಚಪ್ಪಲಿಗೆ ಏನೋ ಮೆತ್ತಿಕೊಂಡಿರಬೇಕೆಂದು ಬಗ್ಗಿ ನೋಡಿಕೊಂಡಾಗಿರುತ್ತದೆ. ಹೆಸರು ಕೇಳುವುದಕ್ಕೆ ಮೊದಲು ಅವರು ಕೇಳುವುದೂ ಕಾಲಿನ ಕ್ಷೇಮವನ್ನೇ: "ಎಡಗಾಲು ಯಾಕಮ್ಮ ಎಳೀತಿದೆ?" ಬೀದಿಯಲ್ಲಿ ಹಿಂದಿನಿಂದ ಬರುವ ಹೆಜ್ಜೆಯ ಸಪ್ಪಳ ಕೇಳಿ ಬರುವವರು ಯಾರೆಂದು ತಿರುಗದೆ ಹೇಳಬಲ್ಲ ಅವರಿಗೆ ಪಕ್ಕದ ಮನೆಯ ಮಗುವಿನ ಹೆಸರು ಮಾತ್ರ ಇವತ್ತಿಗೂ ಬಾಯಿಗೆ ಬರುವುದಿಲ್ಲ. ಅದು ಅವರ ಪಾಲಿಗೆ ‘ಕುಪ್ಪಳಿಸೋನು’.

ಯೌವನವನ್ನೆಲ್ಲ ಬಸ್ಸಿನ ಮೆಟ್ಟಿಲ ಬಳಿ ನಿಂತು ಕಳೆದವರಿಗೆ ಈ ಅಭ್ಯಾಸ ಅಂಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಹತ್ತುವವರ ವಿಷಯದಲ್ಲಿ ಅವರು ಸಾಮಾನ್ಯ ಕಂಡಕ್ಟರುಗಳಂತೆಯೇ ಗದರುತ್ತಿದ್ದರು, ತಳ್ಳುತ್ತಿದ್ದರು, ‘ಒಳಗೆ ನಡೀರಿ, ಹಿಂದೆ ಮೈದಾನ ಇದೆ’ ಎಂದು ಹಸಿ ಸುಳ್ಳು ಹೇಳುತ್ತಿದ್ದರು. ಇಳಿಯುವವರ ವಿಷಯ ಬೇರೆ. ಇಳಿಯುವವರ ಎರಡೂ ಕಾಲು ನೆಲಕ್ಕೆ ತಾಗಿದ್ದನ್ನು ಕಣ್ಣಾರೆ ನೋಡದೆ ಅವರ ಬಾಯಿಂದ ‘ರೈಟ್’ ಹೊರಡುತ್ತಿರಲಿಲ್ಲ. ಜೊತೆಗಿದ್ದ ಡ್ರೈವರ್ ಒಮ್ಮೆ ರೇಗಿ, "ನಿಮ್ಮ ಪ್ಯಾಸೆಂಜರು ಇಳಿದು, ಮನೆಗೆ ಹೋಗಿ, ಕೈಕಾಲು ತೊಳೆದ ಮೇಲೆ ರೈಟ್ ಹೇಳ್ತೀರೇನ್ರೀ?" ಎಂದು ಕೇಳಿದ್ದನಂತೆ. "ನಿಮ್ಮ ಬಸ್ಸಿಗೆ ಆರು ಚಕ್ರ ಇದೆ. ಅವರಿಗೆ ಇರೋದು ಎರಡೇ ಕಾಲು," ಎಂದಿದ್ದರಂತೆ ಇವರು.

ಕೆಲಸದಿಂದ ನಿವೃತ್ತರಾದರೂ ಬಸ್ಸು ಅವರನ್ನು ಬಿಟ್ಟಿಲ್ಲ. ಗಟ್ಟಿ ನೆಲದ ಮೇಲೆ ನಿಂತಾಗಲೂ ಪಾದಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಸಡಿಲ ಬಿಟ್ಟು, ಭೂಮಿ ಯಾವ ಕ್ಷಣದಲ್ಲಾದರೂ ಬ್ರೇಕ್ ಹಾಕೀತು ಎಂಬ ಜಾಗ್ರತೆಯಲ್ಲಿ ನಿಲ್ಲುತ್ತಾರೆ. ಮಾತಿಗೆ ತೊಡಗಿದರೆ ಬಲಗೈ ತಾನಾಗಿ ಮೇಲೆದ್ದು ತಲೆಯ ಮೇಲಿನ ಕಂಬಿಯನ್ನು ಹುಡುಕುತ್ತದೆ. ಖಾಕಿ ಕೋಟನ್ನು ಕಳಚಿಲ್ಲ. ಅದರ ಜೇಬುಗಳಲ್ಲಿ ಹಿಂದೆ ಚಿಲ್ಲರೆ ಕುಣಿಯುತ್ತಿತ್ತು, ಈಗ ನಟ್ಟು, ಬೋಲ್ಟು, ಒಂದು ಸ್ಪ್ಯಾನರು, ಊರುಗೋಲಿನ ತುದಿಗೆ ಹಾಕುವ ರಬ್ಬರಿನ ಟೋಪಿಗಳು ಸೇರಿಕೊಂಡು ಅವರು ನಡೆದರೆ ಹಳೆಯದೊಂದು ಗಾಡಿ ತಿರುವಿನಲ್ಲಿ ಬರುತ್ತಿರುವಂತೆ ಕೇಳಿಸುತ್ತದೆ.

ರಬ್ಬರಿನ ಟೋಪಿಗಳ ಕಥೆ ಹೀಗಿದೆ. ನಿವೃತ್ತಿಯ ಮರುವರ್ಷ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಜೀವಮಾನವಿಡೀ ಓಡುವ ಬಸ್ಸಿನಲ್ಲಿ ಬೀಳದವರು ನಿಂತ ಬಚ್ಚಲಲ್ಲಿ ಬಿದ್ದದ್ದು ಅವರಿಗೆ ನೋವಿಗಿಂತ ಹೆಚ್ಚಾಗಿ ಅವಮಾನವಾಗಿತ್ತು. ವಾಕರ್ ಹಿಡಿದು ನಡೆದು, ಗುಣವಾಗಿ, ವಾಕರನ್ನು ಮಂಚದ ಕೆಳಗೆ ನೂಕಿ ಮರೆತರು. ಒಂದು ದಿನ ಎದುರು ಬೀದಿಯಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಮುಂದೆ ತಳ್ಳುತ್ತ, ಅದರ ಬೆನ್ನು ಹಿಡಿದು ಒಂದೊಂದೇ ಹೆಜ್ಜೆ ಇಡುವುದು ಕಂಡಿತು. ಕುರ್ಚಿಯ ಕಾಲು ಕಲ್ಲಿಗೆ ಸಿಕ್ಕಾಗಲೆಲ್ಲ ಹೆಂಗಸು ನಿಂತು ಕಲ್ಲಿನೊಡನೆ ಜಗಳವಾಡುತ್ತಿದ್ದಳು. ಕಂಡಕ್ಟರಮ್ಮ ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿದರು.

ಹಾಗೆ ಹುಟ್ಟಿದ್ದು ‘ಊರುಗೋಲು ಬಳಗ’. ಟೈರ್ ರಿಪೇರಿ ಅಂಗಡಿಯ ಹಿಂದಿನ ಉದ್ದನೆಯ ಕೋಣೆ, ರಬ್ಬರು ಸುಟ್ಟ ವಾಸನೆ, ಸೂರಿನ ಉದ್ದಕ್ಕೂ ಒಂದು ಕಬ್ಬಿಣದ ಕೊಳವೆ, ಅದಕ್ಕೆ ತೂಗುಹಾಕಿದ ಊರುಗೋಲುಗಳು, ಗೋಡೆಗೆ ಒರಗಿದ ವಾಕರುಗಳು, ಗಾಲಿಕುರ್ಚಿಗಳು. ಬೇಕಾದವರು ಒಯ್ಯಬೇಕು, ಬೇಡವಾದಾಗ ತಂದುಬಿಡಬೇಕು, ಅಷ್ಟೇ ಕಾನೂನು. ಕೊಳವೆಯನ್ನು ಹಾಕಿಸಿಕೊಟ್ಟ ಟೈರಂಗಡಿಯ ಯಜಮಾನ, "ಕೋಲು ನೇತುಹಾಕೋಕೆ ಅಂತ ಹಾಕಿಸಿದೆ, ಈಯಮ್ಮ ತಾನೇ ನೇತಾಡ್ತಾಳೆ," ಎಂದು ಗಿರಾಕಿಗಳಿಗೆ ತೋರಿಸಿ ನಗುತ್ತಾನೆ.

ಒಯ್ಯುವವರಿಗೇನೂ ಕೊರತೆಯಿರಲಿಲ್ಲ, ತರುವವರು ಕಡಿಮೆ. ಮೂಳೆ ಕೂಡಿಕೊಂಡ ಮೇಲೆ ಯಾರಿಗೆ ತಾನೇ ವಾಕರಿನ ನೆನಪು? ಆಸ್ಪತ್ರೆಯಿಂದ ನೇರವಾಗಿ ಬಂದು ಕೇಳುವವರನ್ನು ಬರಿಗೈಯಲ್ಲಿ ಕಳಿಸುವ ದಿನಗಳು ಬಂದವು. "ಊರಲ್ಲಿ ವಾಕರ್ ಇಲ್ಲ ಅಂತಲ್ಲ ಕಣೇ, ಎಲ್ಲ ಅಟ್ಟದ ಮೇಲೆ ನಿದ್ದೆ ಹೊಡೀತಿವೆ. ಎಬ್ಬಿಸೋರು ಬೇಕು," ಎಂದು ಅವರು ಗೊಣಗಿದ್ದು ತಮ್ಮನ ಮಗಳ ಎದುರು. ಚಿಕ್ಕಂದಿನಿಂದ ಅತ್ತೆಯ ಮನೆಯಲ್ಲೇ ಬೆಳೆದ ಈ ಹುಡುಗಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಊರವರ ಮುಖದ ಮಚ್ಚೆ, ಮೊಡವೆ, ಕಣ್ಣಿನ ಕೆಳಗಿನ ಕಪ್ಪು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿ ತೆಗೆಯುವುದು ಅವಳ ನಿತ್ಯದ ಕಸುಬು. ಎಬ್ಬಿಸುವುದಕ್ಕೆ ಅವಳು ಕಂಡುಕೊಂಡ ದಾರಿ ಫೇಸ್‌ಬುಕ್ಕು. ಬಳಗದ ಹೆಸರಿನಲ್ಲಿ ಒಂದು ಪುಟ ತೆರೆದಳು. ಮೊದಲ ದಿನವೇ ಅತ್ತೆಗೂ ಸೊಸೆಗೂ ಜಟಾಪಟಿ ಆಯಿತು.

"ಅತ್ತೆ, ಕೋಲು ಇಸ್ಕೊಂಡವರ ಒಂದು ಫೋಟೋ ಹಾಕೋಣ. ಕಣ್ಣಲ್ಲಿ ಸ್ವಲ್ಪ ನೀರಿದ್ರೆ ಇನ್ನೂ ಒಳ್ಳೇದು."

"ನೀರು ನಲ್ಲೀಲಿ ಬರುತ್ತೆ. ಹಿಡಿದು ಹಾಕು."

"ಜನ ಮುಖ ಕಂಡ್ರೇನೇ ನಿಂತು ನೋಡೋದು, ನೀನು ಒಂದು!"

"ಕೋಲು ಹಿಡಿಯೋಕೇ ನಾಚಿಕೊಂಡು ಕತ್ತಲಾದ ಮೇಲೆ ಬರ್ತಾರೆ ಆ ಜನ. ಅವರನ್ನ ಊರಿಗೆಲ್ಲ ತೋರಿಸ್ತೀಯಾ? ಟಿಕೆಟ್ ತಗೊಂಡವರ ಫೋಟೋ ತೆಗೆದು ಬಸ್ಸಿಗೆ ಅಂಟಿಸ್ತಿದ್ನೇನು ನಾನು?"

ಹೀಗಾಗಿ ಪುಟದಲ್ಲಿ ಮುಖಗಳಿಗೆ ಪ್ರವೇಶವಿಲ್ಲವೆಂದು ತೀರ್ಮಾನವಾಯಿತು. ಕೋಲಿನ ಫೋಟೋ, ವಾಕರಿನ ಫೋಟೋ, ಗಾಲಿಯ ಫೋಟೋ. ಕೆಳಗಿನ ಬರಹವನ್ನು ಕಂಡಕ್ಟರಮ್ಮ ಕೊಳವೆ ಹಿಡಿದು ನಿಂತು ಹೇಳುತ್ತಿದ್ದರು, ಹುಡುಗಿ ಮುಖ ಗಂಟಿಕ್ಕಿಕೊಂಡು ಟೈಪು ಮಾಡುತ್ತಿದ್ದಳು: "ಈ ವಾಕರ್ ಹೊರಡಲು ಸಿದ್ಧವಾಗಿದೆ. ಮಂಚದಿಂದ ಅಡುಗೆಮನೆವರೆಗೆ, ಕಿಟಕಿಯ ಬಳಿ ಒಂದು ಸ್ಟಾಪು. ಹತ್ತುವವರು ಯಾರು?" ಇನ್ನೊಮ್ಮೆ, "ನಿಮ್ಮ ಅಟ್ಟದ ಮೇಲೆ ನಿಂತುಬಿಟ್ಟ ಗಾಡಿ ಇದೆಯೇ? ಡಿಪೋಗೆ ತನ್ನಿ, ಬೈಯುವುದಿಲ್ಲ."

ಜನ ನಕ್ಕರು. ನಕ್ಕವರು ಇನ್ನೊಬ್ಬರಿಗೆ ಕಳಿಸಿದರು. ಅಟ್ಟಗಳಿಂದ ಧೂಳು ಹಿಡಿದ ವಾಕರುಗಳು ಒಂದೊಂದಾಗಿ ಇಳಿದು ಬಂದವು, ತಂದವರ ಮುಖದಲ್ಲಿ ತಡವಾಗಿ ಪುಸ್ತಕ ಹಿಂದಿರುಗಿಸುವವರ ಸಂಕೋಚ. ಹುಡುಗಿ ಲೈಕುಗಳನ್ನು ತೋರಿಸಿ ಹಿಗ್ಗಿದರೆ ಅತ್ತೆಗೆ ಅದು ಲೆಕ್ಕಕ್ಕೇ ಇಲ್ಲ. "ಇಷ್ಟು ಜನ ಹತ್ತಿದ್ದಾರೆ ಅಂತೀಯಲ್ಲ, ಟಿಕೆಟ್ ಹರಿದ್ಯಾ?" ಎಂಬುದು ಅವರ ಪ್ರಶ್ನೆ. ಪುಟದಲ್ಲಿ ಯಾರು ಏನು ಬರೆದರೂ ಅವತ್ತೇ ಉತ್ತರ ಹೋಗಬೇಕು, ಆ ಉತ್ತರದಲ್ಲಿ ಬರೆದವರಿಗೊಂದು ಸಣ್ಣ ಕೆಲಸವಿರಬೇಕು, ಇದು ಅವರ ಹಟ. ಒಬ್ಬಾಕೆ ‘ಸೂಪರ್’ ಎಂದು ಒಂದೇ ಪದ ಬರೆದು ಸುಮ್ಮನಾಗಿದ್ದಳು. ಅವಳಿಗೆ ಹೋದ ಉತ್ತರ: "ನಿಮ್ಮ ಬೀದಿಯ ಔಷಧಿ ಅಂಗಡಿಗೆ ಮೆಟ್ಟಿಲಿದೆಯೇ? ಗಾಲಿಕುರ್ಚಿ ಹೋಗುತ್ತದೆಯೇ? ನೋಡಿ ಹೇಳಿ." ಆಕೆ ನೋಡಲು ಹೋದವಳು ಅಂಗಡಿಯವನೊಡನೆ ವಾದಕ್ಕೆ ಬಿದ್ದು, ಕೊನೆಗೆ ಹಲಗೆಯೊಂದನ್ನು ಹಾಕಿಸಿಯೇ ಬಂದಳು, ಆಮೇಲೆ ಪ್ರತಿ ಭಾನುವಾರ ಬಳಗದ ಕುರ್ಚಿಗಳ ಗಾಲಿಗೆ ಎಣ್ಣೆ ಬಿಡುವವಳೂ ಅವಳೇ ಆದಳು. ದೂರ ನಿಂತು ಚಪ್ಪಾಳೆ ತಟ್ಟುವವರನ್ನು ಕೈಹಿಡಿದು ಒಳಗೆಳೆಯುವ ಈ ಕಲೆಗೆ ಯಾವ ಹೆಸರಿದೆಯೋ. ಕಂಡಕ್ಟರಮ್ಮನ ಪ್ರಕಾರ ಅದು ‘ಒಳಗೆ ನಡೀರಿ’, ಅಷ್ಟೇ.

ಮುಖ ಬೇಡವೆಂಬ ಅವರ ನಿಯಮ ಎಲ್ಲರಿಗೂ ಮೆಚ್ಚುಗೆಯಾಗಿತ್ತು. ಹುಡುಗಿಯೂ ಸೋತು ಒಪ್ಪಿಕೊಂಡಿದ್ದಳು. ವಸ್ತುವಿಗೂ ಮುಖವಿರುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಆ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬರಿದ್ದರು. ಬೆನ್ನಿನ ತೊಂದರೆಯಿಂದ ಕಾಲು ಸೋತು, ಬಳಗದಿಂದ ಒಂದು ಗಾಲಿಕುರ್ಚಿ ಒಯ್ದಿದ್ದರು. ಅದರಲ್ಲೇ ಕುಳಿತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೊನೆಯವರೆಗೂ ಜನರ ಗಡಿಯಾರ ಸರಿಮಾಡುತ್ತಿದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮೂರನೆಯ ದಿನ ಅವರ ಹೆಂಡತಿ ತಾವೇ ಕುರ್ಚಿಯನ್ನು ತಳ್ಳಿಕೊಂಡು ಬಳಗಕ್ಕೆ ಬಂದರು. "ಮನೇಲಿ ಇದನ್ನ ನೋಡೋಕಾಗ್ತಿಲ್ಲ," ಎಂದಷ್ಟೇ ಹೇಳಿ ಹೊರಟುಹೋದರು. ಕುರ್ಚಿಯ ಎರಡು ಕೈಗಳಿಗೂ ನೀಲಿ ಉಣ್ಣೆಯಲ್ಲಿ ಹೆಣೆದ ಗವಸು ಹಾಗೇ ಇತ್ತು. ಕಂಡಕ್ಟರಮ್ಮ ಗಾಲಿ ಒರೆಸಿದರು, ಬೋಲ್ಟು ಬಿಗಿ ಮಾಡಿದರು. ಮರುದಿನ ಬೆಳಿಗ್ಗೆ ಹುಡುಗಿ ಫೋಟೋ ತೆಗೆದಳು. "ಈ ಕುರ್ಚಿ ತನ್ನ ಪ್ರಯಾಣ ಮುಗಿಸಿ ಮರಳಿ ಬಂದಿದೆ. ಮುಂದಿನವರಿಗಾಗಿ ಕಾಯುತ್ತಿದೆ," ಎಂದು ಅತ್ತೆ ಬರೆಸಿದರು. ಹೆಸರಿಲ್ಲ, ಮುಖವಿಲ್ಲ. "ರೈಟ್," ಎಂದರು. ಹುಡುಗಿ ಗುಂಡಿ ಒತ್ತಿದಳು.

ಊಟದ ಹೊತ್ತಿಗೆ ಸ್ಟುಡಿಯೋದಲ್ಲಿ ಯಾರದೋ ಮದುವೆಯ ಮುಖವೊಂದನ್ನು ನುಣುಪು ಮಾಡುತ್ತ ಕುಳಿತಿದ್ದ ಹುಡುಗಿ ಫೋನು ತೆರೆದಾಗ ಆ ಫೋಟೋದ ಕೆಳಗೆ ಒಂದು ಬರಹವಿತ್ತು. "ಇದು ನನ್ನ ತಮ್ಮನ ಕುರ್ಚಿ. ನೀಲಿ ಗವಸು ನಾನೇ ಹೆಣೆದು ಕಳಿಸಿದ್ದು. ವಾಪಸ್ ಕೊಟ್ಟಿದ್ದಾನೆ ಅಂದರೆ ಅವನು ನಡೆಯೋಕೆ ಶುರು ಮಾಡಿದನಾ?"

ಅದರ ಕೆಳಗೆ ಯಾರೋ ಅಪರಿಚಿತರು ಕೆಂಪು ಹೃದಯ ಹಾಕಿದ್ದರು. ಇನ್ಯಾರೋ ‘ಅಭಿನಂದನೆಗಳು ಅಜ್ಜಿ’ ಎಂದಿದ್ದರು. ಮತ್ತೊಬ್ಬರು ಚಪ್ಪಾಳೆ ತಟ್ಟುವ ಕೈಗಳನ್ನು ಇಟ್ಟಿದ್ದರು.

ಅವಳು ಬಳಗಕ್ಕೆ ಓಡಿಬಂದಾಗ ಕಂಡಕ್ಟರಮ್ಮ ಒಂದು ಕೋಲಿಗೆ ರಬ್ಬರಿನ ಟೋಪಿ ತೊಡಿಸುತ್ತಿದ್ದರು. ಹುಡುಗಿ ಓದಿ ಹೇಳಿದಳು. ಟೋಪಿ ಅರ್ಧಕ್ಕೇ ನಿಂತಿತು.

"ಅಳಿಸಿಬಿಡ್ಲಾ ಅತ್ತೆ?"

"ಅವರು ನೋಡಿಯಾಯ್ತಲ್ಲೇ. ಈಗ ಅಳಿಸಿದ್ರೆ ಅದೇ ಒಂದು ಉತ್ತರ ಆಗುತ್ತೆ."

"ಮತ್ತೆ ಏನಂತ ಬರೀಲಿ?"

ಕಂಡಕ್ಟರಮ್ಮನ ಬಲಗೈ ಮೇಲೆದ್ದು ಕೊಳವೆಯನ್ನು ಹಿಡಿಯಿತು. "ಬೇರೆ ಯಾರೂ ಬಾಯಿ ಹಾಕದ ಹಾಗೆ ಮುಚ್ಚೋಕಾಗುತ್ತಾ?" ಎಂದರು. ಹುಡುಗಿ ಆ ಫೋಟೋದ ಕೆಳಗೆ ಯಾರೂ ಇನ್ನು ಬರೆಯದಂತೆ ಮಾಡಿದಳು. ಆದರೆ ಅಷ್ಟರಲ್ಲಿ ಅದು ಎಲ್ಲೆಲ್ಲಿ ಹಂಚಿಹೋಗಿತ್ತೋ, ಸತ್ಯ ತಿಳಿದ ಯಾವ ಬೆರಳು ಯಾವ ಗಳಿಗೆಯಲ್ಲಿ ಮುದುಕಿಯೊಬ್ಬಳಿಗೆ ಸಂತಾಪ ಕಳಿಸೀತೋ, ಅದನ್ನು ತಡೆಯುವ ಗುಂಡಿ ಅವಳ ಫೋನಿನಲ್ಲಿರಲಿಲ್ಲ.

ಇಬ್ಬರೂ ಗಡಿಯಾರದವರ ಮನೆಗೆ ಹೋದರು. ಅವರ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಹಾಗೆ ಬರೆದ ಅಕ್ಕ ಇರುವುದು ಹೊಳೆಯಾಚೆಯ ಊರಿನಲ್ಲಿ, ಮಗಳ ಮನೆಯಲ್ಲಿ. ಹೃದಯದ ಆಪರೇಷನ್ ಆಗಿ ಮನೆಗೆ ಬಂದು ಹತ್ತು ದಿನವೂ ಕಳೆದಿಲ್ಲ. ಇನ್ನೊಂದು ವಾರ ಕಾದು, ಯಾರಾದರೂ ಎದುರಿಗೆ ಕುಳಿತು ನಿಧಾನವಾಗಿ ಹೇಳಿ ಎಂದು ಡಾಕ್ಟರು ಹೇಳಿದ್ದರು. ಮನೆಯವರೆಲ್ಲ ಬಾಯಿ ಕಟ್ಟಿಕೊಂಡು ಕಾಯುತ್ತಿದ್ದರು.

"ಕುರ್ಚಿ ನಿಮ್ಮದು, ವಾಪಸ್ ತಗೊಂಡ್ರಿ, ಸರಿ," ಎಂದರು ಆಕೆ, ಸ್ವರ ಏರಿಸದೆ. "ನಮ್ಮನೆ ಸುದ್ದೀನ ಯಾಕಮ್ಮ ತಗೊಂಡ್ರಿ?"

ಕಂಡಕ್ಟರಮ್ಮ ಆಕೆಯ ಪಾದವನ್ನೇ ನೋಡುತ್ತ ನಿಂತಿದ್ದರು. "ತಪ್ಪಾಯ್ತು. ಬೇರೆಯವರು ಹೇಳೋಕೆ ಮುಂಚೆ ನೀವು ಹೋಗಿ ತಲುಪಬೇಕು. ಜೊತೆಗೆ ನಾನೂ ಬರ್ಲಾ?"

"ಬನ್ನಿ," ಎಂದರು ಆಕೆ. "ಒಬ್ಬಳೇ ಹೋಗೋಕೆ ನನಗೂ ಧೈರ್ಯ ಇಲ್ಲ."

ಬಸ್ಸಿನ ಕಂಡಕ್ಟರ್ ಖಾಕಿ ಕೋಟು ನೋಡಿ ಗುರುತು ಹಿಡಿದು, "ಅಮ್ಮ, ಬಾಗಿಲ ಹತ್ರ ಜಾಗ ಬಿಡ್ಲಾ?" ಎಂದು ಚೇಷ್ಟೆ ಮಾಡಿದ. ಅವರು ಬಸ್ಸಿನಲ್ಲಿ ಕೂರುವವರಲ್ಲವೆಂಬುದು ಜಗಜ್ಜಾಹೀರು. ಅವತ್ತು ಗಡಿಯಾರದವರ ಹೆಂಡತಿಯ ಪಕ್ಕ ಕುಳಿತುಬಿಟ್ಟರು. ಹಿಂದಿನ ಸೀಟಿನಿಂದ ಹುಡುಗಿ ನೋಡುತ್ತಿದ್ದಳು. ಸೇತುವೆ ದಾಟಿತು, ಬಸ್ಸು ಹೊರಳಿತು, ಅತ್ತೆಯ ಕೈ ಒಮ್ಮೆಯೂ ಮೇಲಕ್ಕೆ ಏಳಲಿಲ್ಲ.

ಮಗಳ ಮನೆಯ ಗೇಟು ತೆರೆದೇ ಇತ್ತು. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಹೆಗಲಿಗೆ ಶಾಲು ಹೊದ್ದು, ಮಡಿಲಲ್ಲಿ ಫೋನಿಟ್ಟುಕೊಂಡು ಅಕ್ಕ ಕುಳಿತಿದ್ದರು. ಅತ್ತಿಗೆ ನಾದಿನಿಯರ ಕಣ್ಣು ಕೂಡುವ ಮೊದಲೇ ಅಕ್ಕನ ಮುಖ ಅರಳಿತು. ಬಂದವರನ್ನು ದಾಟಿ ಗೇಟಿನಾಚೆಯ ರಸ್ತೆಯತ್ತ ಕತ್ತು ಚಾಚಿದರು.

"ಅವನೆಲ್ಲಿ? ಬಸ್ಸಿಂದ ನಡ್ಕೊಂಡು ಬರ್ತಿದ್ದಾನಾ?"

ಹೇಳಿದ್ದು ಗಡಿಯಾರದವರ ಹೆಂಡತಿಯೇ. ಮಂಡಿಯೂರಿ, ಅಕ್ಕನ ಎರಡೂ ಕೈ ಹಿಡಿದು, ಕಿವಿಯ ಬಳಿ ಹೇಳಿದರು. ಉಳಿದ ಇಬ್ಬರೂ ಗೇಟಿನ ಬಳಿಯೇ ನಿಂತರು. ಒಳಗೆ ಮಗಳು ಮಾತ್ರೆ, ನೀರು ಎಂದು ಓಡಾಡಿದಳು, ಡಾಕ್ಟರಿಗೆ ಫೋನು ಮಾಡಿದಳು. ಮುದುಕಿ ಅಳಲಿಲ್ಲ, ನೀರು ಕುಡಿದರು, ಆಮೇಲೆ ಬಹಳ ಹೊತ್ತು ತಮ್ಮ ಕಾಲನ್ನೇ ನೋಡುತ್ತ ಕುಳಿತರು. ಹೊರಡುವಾಗ ಕಂಡಕ್ಟರಮ್ಮ ಹತ್ತಿರ ಹೋಗಿ ಏನೋ ಹೇಳಲು ಬಾಗಿದರು. ಅಕ್ಕ ಮುಖ ತಿರುಗಿಸಿಕೊಂಡರು. ಅಷ್ಟೇ ಆದದ್ದು. ಕೆಲವು ತಪ್ಪುಗಳಿಗೆ ಬೈಗುಳವೂ ದಕ್ಕುವುದಿಲ್ಲ.

ಆಮೇಲೆ ಪುಟ ಮೌನವಾಯಿತು. ಹುಡುಗಿ ಮೆಲ್ಲಗೆ ಪ್ರಸ್ತಾಪ ತೆಗೆದಾಗಲೆಲ್ಲ ಒಂದೇ ಉತ್ತರ: "ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು ಕಣೇ. ನಾನು ರೈಟ್ ಅಂದುಬಿಟ್ಟೆ." ನೀಲಿ ಗವಸಿನ ಕುರ್ಚಿ ಮೂಲೆ ಸೇರಿತು. ಕೇಳಿದವರಿಗೆ ಬೇರೆ ಕುರ್ಚಿ ಕೊಟ್ಟರು, ಬೇರೆಯವೂ ಮುಗಿದ ಮೇಲೆ ‘ಇಲ್ಲ’ ಎಂದರು. ಕೊಳವೆಯ ಮೇಲಿನ ಊರುಗೋಲುಗಳು ವಿರಳವಾಗುತ್ತ ಬಂದವು, ಅಟ್ಟಗಳು ಮತ್ತೆ ನಿದ್ದೆಗೆ ಜಾರಿದವು. ‘ಸೂಪರ್’ನ ಹೆಂಗಸು ಮಾತ್ರ ಭಾನುವಾರ ತಪ್ಪದೆ ಬಂದು, ಒರೆಸಲು ಏನೂ ಇಲ್ಲದಿದ್ದರೆ ಆ ಒಂದೇ ಕುರ್ಚಿಯ ಗಾಲಿಗೆ ಎಣ್ಣೆ ಬಿಟ್ಟು ಹೋಗುತ್ತಿದ್ದಳು. ಟೈರಂಗಡಿಯ ಯಜಮಾನ ಸಹ ಹಾಸ್ಯ ಮಾಡುವುದನ್ನು ಬಿಟ್ಟ. "ಕೋಣೆ ಬೇಡವಾದ್ರೆ ಹೇಳಿಬಿಡಿ ಕಂಡಕ್ಟರಮ್ಮ, ನನಗೆ ಟೈರಿಡೋಕೆ ಜಾಗ ಸಾಲ್ತಿಲ್ಲ," ಎಂದ, ನೆಲ ನೋಡುತ್ತ. "ಈ ತಿಂಗಳು ಮುಗೀಲಿ. ಆಮೇಲೆ ತಗೊಂಡುಬಿಡು," ಎಂದರು ಇವರು.

ತಿಂಗಳು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಬಾಡಿಗೆ ಕಾರೊಂದು ನಿಂತಿತು. ಒಳಗೆ ಹುಡುಗಿಯೊಡನಿದ್ದ ಕಂಡಕ್ಟರಮ್ಮ ಬಗ್ಗಿ ನೋಡಿದಾಗ ಕಂಡದ್ದು, ಕಾರಿನ ಬಾಗಿಲಿಂದ ನೆಲವನ್ನು ಹುಡುಕುತ್ತಿದ್ದ ಒಂದು ಮುದಿ ಪಾದ. ಎರಡನೆಯ ಪಾದವೂ ಇಳಿಯುವವರೆಗೆ ಅವರು ಉಸಿರು ಹಿಡಿದು ನಿಂತರು. ಗಡಿಯಾರದವರ ಹೆಂಡತಿಯ ತೋಳು ಹಿಡಿದು ಅಕ್ಕ ಒಳಗೆ ಬಂದರು. ಯಾರನ್ನೂ ಮಾತಾಡಿಸದೆ ಮೂಲೆಗೆ ಹೋಗಿ ನೀಲಿ ಗವಸಿನ ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳನ್ನು ಗವಸಿನ ಮೇಲಿಟ್ಟರು. ಹೊರಗೆ ಟೈರಿಗೆ ಗಾಳಿ ತುಂಬುವ ಸದ್ದು ನಿಂತಿತು. ಯಜಮಾನನೇ ನಿಲ್ಲಿಸಿರಬೇಕು.

"ಇದನ್ನ ಯಾಕೆ ಇಲ್ಲಿ ಮೂಲೇಲಿ ಕೂರಿಸಿದ್ದೀರಿ?" ಎಂದರು ಅಕ್ಕ ಕೊನೆಗೆ. "ನನ್ನ ತಮ್ಮ ಒಂದು ದಿನ ಸುಮ್ನೆ ಕೂತೋನಲ್ಲ."

ಅಕ್ಕ ಚೀಲದಿಂದ ಹೊಸದಾಗಿ ಹೆಣೆದ ಗವಸಿನ ಜೋಡಿಯೊಂದನ್ನು ತೆಗೆದರು. "ಹಳೇದು ನನಗೆ ಕೊಡಿ. ಇದನ್ನ ಹಾಕಿ. ಕಬ್ಬಿಣ ತಣ್ಣಗಿರುತ್ತೆ, ಮುಂದೆ ಕೂರೋರ ಕೈಗೆ ಚಳಿಯಾಗಬಾರದು." ಆಮೇಲೆ ಹುಡುಗಿಯತ್ತ ತಿರುಗಿ, "ಫೋನಲ್ಲಿ ಹಾಕೋಳು ನೀನೇ ಏನಮ್ಮ? ತೆಗಿ ಈಗ. ನಾನು ಕೂತಿರೋ ಹಾಗೇ ತೆಗಿ."

"ನಾವು ಮುಖ ಹಾಕಲ್ಲ ಅಜ್ಜಿ," ಎಂದು ಹುಡುಗಿಯ ಬಾಯಿಂದ ಬಂತು, ಅಭ್ಯಾಸಬಲದಿಂದ.

"ನನ್ನ ಮುಖ, ನಾನು ಹೇಳ್ತಿದ್ದೀನಿ. ಬರ್ಕೋ. ‘ಈ ಕುರ್ಚಿಯಲ್ಲಿ ನನ್ನ ತಮ್ಮ ಕೂತು ಗಡಿಯಾರ ಸರಿಮಾಡ್ತಿದ್ದ. ಈಗ ಅವನಿಲ್ಲ. ಕುರ್ಚಿ ಇದೆ, ಬೇಕಾದವರು ಒಯ್ಯಿರಿ.’ ಅಷ್ಟು ಸಾಕು."

ಹುಡುಗಿ ಫೋಟೋ ತೆಗೆದಳು, ಬರೆದಳು. ಸ್ಟುಡಿಯೋದ ಚಾಳಿಯಿಂದ ಆ ಮುಖದ ಸುಕ್ಕಿನತ್ತ ಹೋದ ಬೆರಳನ್ನು ಹಿಂದೆಗೆದುಕೊಂಡಳು. ಗುಂಡಿಯ ಮೇಲೆ ಬೆರಳಿಟ್ಟು ಅತ್ತೆಯ ಮುಖ ನೋಡಿದಳು. ಅತ್ತೆ ಗಡಿಯಾರದವರ ಹೆಂಡತಿಯನ್ನು ನೋಡಿದರು. "ಹಾಕ್ಲೇನಮ್ಮ?" ಆಕೆ ತಲೆಯಾಡಿಸಿದರು. ಆದರೂ ಕಂಡಕ್ಟರಮ್ಮ ಬಾಯಿ ಬಿಡಲಿಲ್ಲ. ಅಕ್ಕ ಕುರ್ಚಿಯ ಕೈ ಊರಿ ನಿಧಾನವಾಗಿ ಏಳುತ್ತಿದ್ದರು. ಬಲಗಾಲು ಕೆಳಗಿಳಿದಿತ್ತು, ಎಡಗಾಲು ಇನ್ನೂ ಕುರ್ಚಿಯ ಕಾಲಿಡುವ ಪಟ್ಟಿಯ ಮೇಲಿತ್ತು. ಕೊಳವೆ ಹಿಡಿದ ಕೈ ಬಿಗಿಯಾಯಿತು. ಎಡಗಾಲೂ ಇಳಿಯಿತು. ಅಕ್ಕ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡರು.

"ರೈಟ್," ಎಂದರು ಕಂಡಕ್ಟರಮ್ಮ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಆ ಕುರ್ಚಿ ಸಂಜೆಯೊಳಗೆ ಹೊರಟುಹೋಯಿತು. ಮುಂದಿನ ದಿನಗಳಲ್ಲಿ ಅಟ್ಟಗಳು ಎಚ್ಚರಗೊಂಡವು. ಟೈರಂಗಡಿಯ ಯಜಮಾನ ಟೈರುಗಳಿಗೆ ಬೀದಿಯಲ್ಲೇ ಜಾಗ ಕಂಡುಕೊಂಡ. ಮರಳಿ ಬಂದ ವಸ್ತುವಿನ ಫೋಟೋ ಈಗ ಕೂಡಲೇ ಪುಟಕ್ಕೆ ಹೋಗುವುದಿಲ್ಲ. ತಂದವರ ಮನೆಗೆ ಕಂಡಕ್ಟರಮ್ಮ ಒಮ್ಮೆ ಹೋಗಿಬರುತ್ತಾರೆ. ಯಾರ್ಯಾರಿಗೆ ತಿಳಿಯಬೇಕೋ ಅವರಿಗೆಲ್ಲ ತಿಳಿದಿದೆಯೇ ಎಂದು ಕೇಳುತ್ತಾರೆ. ಅವರೇ ‘ಆಯ್ತು’ ಎನ್ನುವವರೆಗೆ ಕಾಯುತ್ತಾರೆ. ಕೆಲವರು ಹಾಗೆ ಎನ್ನುವುದೇ ಇಲ್ಲ. ಅಂಥವರ ಕೋಲು ಫೋಟೋ ಇಲ್ಲದೆ, ಮಾತಿಲ್ಲದೆ ಇನ್ನೊಬ್ಬರ ಕೈ ಸೇರುತ್ತದೆ. ನಿಧಾನವಾಯಿತೆಂದು ಹುಡುಗಿ ಈಗಲೂ ಗೊಣಗುತ್ತಾಳೆ. ಡ್ರೈವರುಗಳು ಗೊಣಗುವುದು ಹೊಸದೇನಲ್ಲವಲ್ಲ.

ಊರನ್ನು ಕೂಗಿ ಕರೆಯಬಲ್ಲವರು ಬಹಳ. ಸುದ್ದಿ ಹಬ್ಬಿಸುವುದು, ಜನರನ್ನು ಸೇರಿಸುವುದು, ಸೇರಿದವರಿಂದ ಚಪ್ಪಾಳೆ ಹೊರಡಿಸುವುದು ಇವತ್ತು ಬೆರಳ ತುದಿಯ ಕೆಲಸ. ಇವೆಲ್ಲವನ್ನೂ ಬಲ್ಲವರಾಗಿದ್ದೂ, ಒಮ್ಮೆ ಎಡವಿದ ನೋವನ್ನು ಕೋಟಿನ ಜೇಬಿನಲ್ಲಿ ನಟ್ಟು ಬೋಲ್ಟುಗಳ ಜೊತೆಗೇ ಇಟ್ಟುಕೊಂಡು ತಿರುಗುವ ಕೆಲವರಿರುತ್ತಾರೆ. ಹತ್ತಿದವರನ್ನು ಎಲ್ಲರೂ ಲೆಕ್ಕ ಹಿಡಿಯುವ ಲೋಕದಲ್ಲಿ ಅವರು ಇಳಿಯುವವರನ್ನು ನೋಡುತ್ತ ಬಾಗಿಲ ಬಳಿ ನಿಂತಿರುತ್ತಾರೆ. ಹಿಂದಿನಿಂದ ಹಾರನ್ನು ಎಷ್ಟೇ ಬಡಿದುಕೊಳ್ಳಲಿ, ಒಂದು ಪಾದ ಇನ್ನೂ ಗಾಳಿಯಲ್ಲಿದ್ದರೆ ಅವರ ಬಾಯಿ ತೆರೆಯುವುದಿಲ್ಲ. ಅಂಥವರು ಬಾಗಿಲಲ್ಲಿದ್ದಾರೆಂಬ ನಂಬಿಕೆಯಿಂದಲೇ ಬಹುಶಃ ನಾವೆಲ್ಲ ಇಂಥ ಹಳೆಯ, ಸದ್ದು ಮಾಡುವ, ತುಂಬಿ ತುಳುಕುವ ಬಸ್ಸನ್ನು ಮತ್ತೆ ಮತ್ತೆ ಹತ್ತುತ್ತೇವೆ.